ನಿಮ್ಮ ಕ್ಯಾರೆಕ್ಟರ್ ಶೀಟ್ ಹಂಚುವ ಮುಂಚೆ

ಟೇಬಲ್ ಸುತ್ತ ಕೂತು, ದಾಳ ಉರುಳಿಸಿ ಕತೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪ್ರತಿ ಆಟಗಾರರ ಮುಂದೆ ಒಂದು ಹಾಳೆ ಇರುತ್ತದೆ. ಪಾತ್ರಕ್ಕೆ ಎಷ್ಟು ಬಲ, ಎಷ್ಟು ಜೀವ ಉಳಿದಿದೆ, ಚೀಲದಲ್ಲಿ ಏನಿದೆ, ಎಲ್ಲ ಅದರಲ್ಲೇ. ಅದೇ ಕ್ಯಾರೆಕ್ಟರ್ ಶೀಟ್. 1974ರಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಂಥ ಆಟಕ್ಕಾದರೆ ಸಿದ್ಧ ಶೀಟ್ ಸಿಗುತ್ತದೆ. ನೀವೇ ನಿಯಮ ಬರೆದ ಹೋಮ್‌ಬ್ರೂ ಆಟಕ್ಕೆ ಶೀಟನ್ನೂ ನೀವೇ ಮಾಡಬೇಕು.

ಮಾಡುವುದು ಸುಲಭ, ಎಡವಟ್ಟಾಗುವುದು ಹಂಚುವಾಗ. ಮೊದಲ ಸಲ ನಾನು ಗೂಗಲ್ ಶೀಟ್ಸ್ ಲಿಂಕನ್ನು ಎಡಿಟ್ ಅನುಮತಿ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟೆ. ಸಂಜೆ ನೋಡಿದರೆ ನಾಲ್ಕು ಜನ ಒಂದೇ ಹಾಳೆಯಲ್ಲಿ ತಮ್ಮ ತಮ್ಮ ಪಾತ್ರ ತುಂಬಿದ್ದರು. ಮಂತ್ರವಾದಿಯ ಕೈಗೆ ಇನ್ಯಾರದೋ ಕೊಡಲಿ ಬಂದಿತ್ತು!

ಹಾಗಾಗಿ ಮೊದಲು ಅನುಮತಿಯನ್ನು ‘ವ್ಯೂವರ್’ ಮಾಡಿ. ಆಮೇಲೆ ಲಿಂಕ್‌ನ ಕೊನೆಯಲ್ಲಿ ಇಂಗ್ಲಿಷ್‌ನಲ್ಲಿ ‘ಎಡಿಟ್’ ಅಂತ ಇರುತ್ತದಲ್ವಾ, ಅದನ್ನೂ ಅದರ ನಂತರದ್ದನ್ನೂ ಅಳಿಸಿ ಇಂಗ್ಲಿಷ್‌ನಲ್ಲೇ ‘ಕಾಪಿ’ ಅಂತ ಬರೆಯಿರಿ. ಈಗ ಲಿಂಕ್ ಒತ್ತಿದವರಿಗೆ ತಮ್ಮದೇ ಒಂದು ಪ್ರತಿ ಸಿಗುತ್ತದೆ. ನಿಮ್ಮ ಮೂಲ ಶೀಟ್ ಹಾಗೇ ಇರುತ್ತದೆ.

ಸೂತ್ರಗಳನ್ನು ಒಮ್ಮೆ ಪರೀಕ್ಷಿಸಿ. ಬಲದಂಥ ಗುಣದ ಅಂಕದಿಂದ, ದಾಳಕ್ಕೆ ಕೂಡಿಸುವ ಅಥವಾ ಕಳೆಯುವ ಸಂಖ್ಯೆ ತೆಗೆಯಲು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಈಗಿನ ಲೆಕ್ಕ ಹೀಗಿದೆ: ಅಂಕದಿಂದ 10 ಕಳೆದು, 2ರಿಂದ ಭಾಗಿಸಿ, ಅರ್ಧ ಉಳಿದರೆ ಕೆಳಗಿನ ಸಂಖ್ಯೆ ಹಿಡಿಯಬೇಕು. 15ಕ್ಕೆ +2, 7ಕ್ಕೆ -2. ಇಲ್ಲಿ ‘ರೌಂಡ್’ ಸೂತ್ರ ಹಾಕಿದರೆ 15ಕ್ಕೆ +3 ಬರುತ್ತದೆ, ಇಡೀ ಆಟದ ತೂಕ ತಪ್ಪುತ್ತದೆ. ‘ಇಂಟ್’ ಹಾಕಿ. ನಿಮ್ಮ ಆಟದ ಲೆಕ್ಕ ಬೇರೆ ಇದ್ದರೂ ಬೆಸ ಸಂಖ್ಯೆ, ಸೊನ್ನೆ, ಮೈನಸ್ ಮೂರನ್ನೂ ಹಾಕಿ ನೋಡಿ. ಸೂತ್ರ ಇರುವ ಚೌಕಗಳಿಗೆ ಬೂದು ಬಣ್ಣ ಬಳಿದರೆ ಯಾರೂ ಸುಮ್ನೆ ಅಲ್ಲಿ ಟೈಪ್ ಮಾಡಲು ಹೋಗುವುದಿಲ್ಲ.

ಹಂಚುವ ಮುಂಚೆ ನಿಮ್ಮ ಗುಂಪಿನವರಲ್ಲದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ನನ್ನ ಶೀಟಿನಲ್ಲಿ ‘ಕಸುವು’ ಅಂತ ಒಂದು ಚೌಕ ಇತ್ತು. ಸುಸ್ತಾಗುವ ಮುಂಚೆ ಎಷ್ಟು ಸಲ ಮಂತ್ರ ಹಾಕಬಹುದು ಅನ್ನುವುದು ಅದರ ಅರ್ಥ. ನೋಡಿದವರು ಅದನ್ನು ತೋಳ್ಬಲ ಅಂದುಕೊಂಡು 18 ಬರೆದರು. ಈಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ವಿವರಣೆ ಇದೆ.

ಪ್ರಿಂಟ್ ತೆಗೆಯುವವರಿಗೆ ಪಿಡಿಎಫ್ ಕೂಡ ಕೊಡಿ. ಅಮೆರಿಕದ ಲೆಟರ್ ಕಾಗದ ನಮ್ಮ ಎ4ಗಿಂತ ಸುಮಾರು 18 ಮಿ.ಮೀ. ಗಿಡ್ಡ. ಕೆಳಗೆ ಜಾಸ್ತಿ ಜಾಗ ಬಿಡದಿದ್ದರೆ ಅಲ್ಲಿರುವ ಗೆಳೆಯರಿಗೆ ಕೊನೆಯ ಸಾಲು ಕತ್ತರಿಸಿಹೋಗಬಹುದು. ಲಿಬ್ರೆಆಫೀಸ್‌ನಲ್ಲಿ ಟೈಪ್ ಮಾಡಿ ತುಂಬುವ ಪಿಡಿಎಫ್ ಫಾರ್ಮ್ ಮಾಡಬಹುದು. ಆದರೆ ಕನ್ನಡದಲ್ಲಿ ತುಂಬುವಾಗ ಕೆಲವು ಪಿಡಿಎಫ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ. ಹೆಸರಿನ ಜಾಗ ಪೆನ್ನಿಗೇ ಬಿಡುವುದು ವಾಸಿ.

ಬೇರೆಯವರ ನಿಯಮ ಬಳಸಿದ್ದರೆ ಹೇಳಿಬಿಡಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂಲ ನಿಯಮಗಳ ಕೈಪಿಡಿ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿದೆ. ಅವರು ಕೇಳುವ ಕೃತಜ್ಞತೆಯ ಸಾಲನ್ನು ಶೀಟಿನ ಕೆಳಗೆ ಹಾಕಿದರೆ ಬಳಸಬಹುದು. ಅವರ ಲೋಗೊ, ಪುಸ್ತಕದ ಚಿತ್ರಗಳು ಮಾತ್ರ ಇದರಲ್ಲಿ ಸೇರಿಲ್ಲ.

ಫೈಲ್ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರಲಿ. ಎರಡನೆಯದು ಬಂತೆಂದು ಮೊದಲನೆಯದನ್ನು ತೆಗೆಯಬೇಡಿ. ಅರ್ಧ ಕತೆಯಲ್ಲಿರುವ ಗುಂಪಿನವರು ಹಳೆಯದನ್ನೇ ಹುಡುಕಿಕೊಂಡು ಬರುತ್ತಾರೆ.