ಕಾಯಿಲ್ ಸುತ್ತ ಪ್ಲಾಸ್ಟಿಕ್: ಪೀಣ್ಯದ ಶೆಡ್ಡಿನಿಂದ ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಕಾಯಿಲ್, ಅಂದರೆ ತಾಮ್ರದ ತಂತಿಯ ಸುರುಳಿ, ಸುತ್ತುವ ಚಿಕ್ಕ ಶೆಡ್ಡು. ಸೊಲೆನಾಯ್ಡ್ ವಾಲ್ವಿನ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವು) ಕಾಯಿಲ್‌ಗಳೇ ಜಾಸ್ತಿ. ಮೊದಲೆಲ್ಲ ಬಾಬಿನ್‌ಗೆ (ತಂತಿ ಸುತ್ತುವ ರೀಲು) ತಂತಿ ಸುತ್ತಿ, ಟೇಪ್ ಹಾಕಿ, ವಾರ್ನಿಶ್‌ನಲ್ಲಿ ಅದ್ದಿ ಓವನ್‌ನಲ್ಲಿ ಒಣಗಿಸುತ್ತಿದ್ದೆವು. ಸೂರಿನಡಿ ಓಡುವ ಯಂತ್ರಕ್ಕೆ ಅಷ್ಟು ಸಾಕು. ಆದರೆ ತೋಟದ ಡ್ರಿಪ್ ಲೈನಿಗೆ ಹೋದ 24 ವೋಲ್ಟಿನ ಕಾಯಿಲ್‌ಗಳು ಮಳೆಗಾಲ ಮುಗಿಯುವಷ್ಟರಲ್ಲಿ ವಾಪಸ್ ಬರುತ್ತಿದ್ದವು. ಬಿಚ್ಚಿದರೆ ಲೀಡ್ ವೈರ್ ಸೇರಿಸಿದ ಜಾಗದಲ್ಲಿ ತಾಮ್ರ ಹಸಿರುಗಟ್ಟಿ ತುಂಡಾಗಿರುತ್ತಿತ್ತು.

ಹಾಗಾಗಿ ಓವರ್‌ಮೋಲ್ಡಿಂಗ್ ಶುರು ಮಾಡಿದೆವು. ಅಂದರೆ ಸುತ್ತಿದ ಬಾಬಿನ್ನನ್ನೇ ಡೈ (ಅಚ್ಚು) ಒಳಗಿಟ್ಟು, ಅದರ ಸುತ್ತ 30% ಗ್ಲಾಸ್ ಫೈಬರ್ ಇರುವ ನೈಲಾನ್ 66 ಇಂಜೆಕ್ಟ್ ಮಾಡುವುದು.

ಗಿರಾಕಿಗಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಪ್ಲಾಸ್ಟಿಕ್ ಹೊದಿಸಿದರೆ ಬಿಸಿ ಒಳಗೇ ಉಳಿಯುತ್ತದೆ ಅಲ್ವಾ? ಇಲ್ಲ. ಬಿಸಿಯನ್ನು ತಡೆದು ಹಿಡಿಯುವುದು ಟೇಪಿನ ಸಂದಿಯಲ್ಲಿ, ಕಾಯಿಲ್‌ಗೂ ಫ್ರೇಮಿಗೂ ನಡುವೆ ನಿಂತ ಗಾಳಿ. ಪ್ಲಾಸ್ಟಿಕ್ ಒಳ್ಳೆಯ ಉಷ್ಣವಾಹಕವೇನಲ್ಲ, ನಿಜ. ಆದರೂ ನಿಂತ ಗಾಳಿಗಿಂತ ಸುಮಾರು ಹತ್ತು ಪಟ್ಟು ವಾಸಿ. ನಂಬದವರ ಮುಂದೆ ರೆಸಿಸ್ಟೆನ್ಸ್ ಅಳೆದು ತೋರಿಸುತ್ತೇನೆ; ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 25 ಡಿಗ್ರಿಯಲ್ಲಿ 100 ಓಮ್ ಇದ್ದ ತಾಮ್ರದ ಕಾಯಿಲ್, ಓಡಿ ಬಿಸಿಯಾದ ಮೇಲೆ 131 ಓಮ್ ತೋರಿಸಿತು ಅಂದರೆ ಒಳಗೆ ಸರಾಸರಿ 105 ಡಿಗ್ರಿ ಇದೆ ಎಂದರ್ಥ. ಹೊರಮೈ ಮುಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಕಾಯಿಲ್ 10 ಡಿಗ್ರಿ ತಂಪಾಗಿ ಓಡಿದರೆ ಇನ್ಸುಲೇಶನ್ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು ಎಂಬುದು ನಮ್ಮ ಕಸುಬಿನ ಹಳೇ ಲೆಕ್ಕ.

ನೀರಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಸುಮ್ನೆ ಮೇಲೊಂದು ಕವಚ ಹಾಕಿದರೆ ಆಗದು. ಬಿಸಿಯಾದ ಕಾಯಿಲ್ ಮೇಲೆ ತಣ್ಣನೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಕೂದಲೆಳೆಯ ಸಂದಿಯಿದ್ದರೂ ನೀರನ್ನು ಒಳಗೆಳೆದುಕೊಳ್ಳುತ್ತದೆ. ಇದಕ್ಕೆ ಮದ್ದು ಬಾಬಿನ್‌ನಲ್ಲೇ ಇದೆ. ಅದರ ಅಂಚಿನಲ್ಲಿ ಸುತ್ತಲೂ ಚೂಪಾದ ತೆಳು ಏಣುಗಳಿರಬೇಕು. ಬಿಸಿ ಪ್ಲಾಸ್ಟಿಕ್ ಹರಿದು ಬಂದಾಗ ಆ ಏಣಿನ ತುದಿ ಕರಗಿ ಎರಡೂ ಬೆಸೆದುಕೊಳ್ಳುತ್ತವೆ. ಬಾಬಿನ್ ಕೂಡ ಅದೇ ಜಾತಿಯ ನೈಲಾನ್ ಆಗಿರಬೇಕು, ಬೇರೆಯದಾದರೆ ಬೆಸುಗೆ ಕೂರುವುದಿಲ್ಲ. ಪರೀಕ್ಷೆಗೆ ನಾವು ಬಿಸಿ ಕಾಯಿಲ್ಲನ್ನೇ ತಣ್ಣನೆ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ. ಅಲ್ಲೇ ಬಿಟ್ಟು, ಆಮೇಲೆ ತಂತಿಗೂ ನೀರಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಚ್ಚುತ್ತೇವೆ. ಸೋರುವ ಕಾಯಿಲ್ ಅಲ್ಲೇ ಸಿಕ್ಕಿಬೀಳುತ್ತದೆ.

ಮೋಲ್ಡಿಂಗ್ ಮಾಡುವವರಿಗೆ ಇನ್ನೆರಡು ಮಾತು. ಕರಗಿದ ನೈಲಾನ್ ಸುಮಾರು 280 ಡಿಗ್ರಿಯಲ್ಲಿ, ಭಾರೀ ಒತ್ತಡದಲ್ಲಿ ಬರುತ್ತದೆ. ಗೇಟ್ (ಪ್ಲಾಸ್ಟಿಕ್ ಡೈ ಒಳಗೆ ನುಗ್ಗುವ ಬಾಯಿ) ನೇರವಾಗಿ ತಂತಿಯ ಕಡೆ ಇದ್ದರೆ ಮೇಲಿನ ಸುತ್ತುಗಳನ್ನು ತಳ್ಳಿಬಿಡುತ್ತದೆ. ಅದಕ್ಕೇ ಗೇಟನ್ನು ಫ್ಲಾಂಜ್ (ಬಾಬಿನ್ ತುದಿಯ ತಟ್ಟೆ) ಕಡೆ ಇಡಿಸಿ. ತಂತಿಯ ಎನಾಮಲ್ (ಮೇಲಿನ ಇನ್ಸುಲೇಶನ್ ಲೇಪ) 180 ಡಿಗ್ರಿ ದರ್ಜೆಯದಿರಲಿ. ಇನ್ನು ನೈಲಾನ್ ಕಾಳನ್ನು ಒಣಗಿಸದೆ ಹಾಕಲೇಬೇಡಿ, ತೇವ ಇದ್ದರೆ ಮೈಮೇಲೆ ಬೆಳ್ಳಿಗೀರು ಬರುತ್ತದೆ, ಬಲವೂ ಇರುವುದಿಲ್ಲ.

ಎಸಿ ಕಾಯಿಲ್ ಗುಂಯ್ ಅನ್ನುವುದೂ ಕಡಿಮೆಯಾಯಿತು. ತಂತಿ ಅಲುಗಾಡಲು ಜಾಗವೇ ಇಲ್ಲವಲ್ಲ.

ಚಿಕ್ಕ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರಿನ ಸ್ಟೇಟರ್‌ಗೂ (ತಿರುಗದೆ ನಿಲ್ಲುವ, ತಂತಿ ಸುತ್ತಿದ ಭಾಗ) ಇದೇ ಬೇಕೆಂದು ಕೆಲವರು ಬರುತ್ತಾರೆ. ಅಲ್ಲಿ ತಂತಿಗಳ ಸಂದಿಗೂ ಇಳಿಯಬೇಕಾದ್ದರಿಂದ ನಾನು ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿಯುತ್ತೇನೆ, ನಿರ್ವಾತದಲ್ಲಿ ಗುಳ್ಳೆ ತೆಗೆದು. ನಿಧಾನದ ಕೆಲಸ, ಆದರೆ ಡೈ ಖರ್ಚಿಲ್ಲ. ರೈತರ 5 ಎಚ್‌ಪಿ ಪಂಪ್ ಮೋಟರ್ ತಂದು ಇದನ್ನೂ ತುಂಬಿಸಿಕೊಡಿ ಅಂದರೆ ಮಾತ್ರ ಬೇಡ ಅನ್ನುತ್ತೇನೆ. ಒಮ್ಮೆ ತುಂಬಿಸಿದರೆ ಅದನ್ನು ರೀವೈಂಡಿಂಗ್ ಮಾಡಲು ಬರುವುದಿಲ್ಲ. ಸುಟ್ಟರೆ ಊರಿನ ರೀವೈಂಡಿಂಗ್ ಅಂಗಡಿಯವನು ಸಂಜೆಯೊಳಗೆ ಸುತ್ತಿಕೊಡುವ ಮೋಟರನ್ನು ಯಾಕೆ ಗುಜರಿಗೆ ಹಾಕಬೇಕು?