ಮೋಡ ಮುಸುಕಿದ ದಿನವೇ ಹುಡುಗ ಕುಸಿದ

ನಾನು ಓಟಗಾರರಿಗೆ ತರಬೇತಿ ಕೊಡುತ್ತೇನೆ. ಹೀಟ್ ಸ್ಟ್ರೋಕ್ ಅಂದರೆ ನೆತ್ತಿ ಸುಡುವ ಬಿಸಿಲಿನದು ಅಂತಲೇ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಮುರಿದದ್ದು ಮೋಡ ಮುಸುಕಿದ ಒಂದು ಬೆಳಗ್ಗೆ. ಬಿಸಿಲಿರಲಿಲ್ಲ, ಗಾಳಿಯೂ ಇರಲಿಲ್ಲ. ಸುಮ್ನೆ ನಿಂತರೂ ಅಂಗಿ ಮೈಗೆ ಅಂಟುವಂಥ ಸೆಕೆ. ಜ್ವರ ಬಂದು ಒಂದು ವಾರ ಮಲಗಿದ್ದ ಹುಡುಗ ಆವತ್ತೇ ಮೈದಾನಕ್ಕೆ ಬಂದಿದ್ದ. ತಪ್ಪಿಹೋದ ಓಟವನ್ನೆಲ್ಲ ಒಂದೇ ದಿನ ಓಡಿಬಿಡುವ ಹಟ ಅವನಿಗೆ. ನಾನು ತಡೆಯಲಿಲ್ಲ.

ಕೊನೆಯಲ್ಲಿ ಕಾಲು ತಡವರಿಸಿತು. ಕರೆದು ಕೂರಿಸಿ, "ಎಷ್ಟನೇ ಸುತ್ತು?" ಅಂತ ಕೇಳಿದೆ. ಸಂಬಂಧವೇ ಇಲ್ಲದ ಮಾತಾಡಿದ. ಆಮೇಲೆ "ಬಿಡಿ ಸರ್ ನನ್ನ" ಅಂತ ಸಿಟ್ಟಿನಿಂದ ಕೈ ಕೊಸರಿಕೊಂಡ. ಯಾವತ್ತೂ ಎದುರಾಡಿದವನಲ್ಲ. ಮೈತುಂಬ ಬೆವರು ಸುರಿಯುತ್ತಿತ್ತು. ಬೆವರುತ್ತಿದ್ದಾನಲ್ಲ, ಬರೀ ಸುಸ್ತು ಇರಬೇಕು ಅಂದುಕೊಂಡು ಕೆಲವು ನಿಮಿಷ ಕಳೆದೆ. ಆ ನಿಮಿಷಗಳು ಇವತ್ತಿಗೂ ನನ್ನನ್ನು ಕಾಡುತ್ತವೆ. ಅಷ್ಟರಲ್ಲಿ ಅವನು ಕುಸಿದ. ಸಿಕ್ಕ ಬಕೆಟ್‌ಗಳಲ್ಲೆಲ್ಲ ನೀರು ಸುರಿದು ಆಸ್ಪತ್ರೆಗೆ ಕಳಿಸಿದೆವು. ಬದುಕಿಕೊಂಡ.

ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಹೀಟ್ ಸ್ಟ್ರೋಕ್ ಅನ್ನುವುದು ಕ್ರೀಡಾಪಟುಗಳ ಮಟ್ಟಿಗೆ ತಪ್ಪು. ಬೆವರುತ್ತಿರುವಾಗಲೇ ಮೈಯೊಳಗಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ನೋಡಬೇಕಾದದ್ದು ತಲೆ ಹೇಗೆ ಕೆಲಸ ಮಾಡುತ್ತಿದೆ ಅನ್ನುವುದನ್ನು. ಗೊಂದಲ, ತೂರಾಟ, ಕಾರಣವಿಲ್ಲದ ಸಿಟ್ಟು ಕಂಡರೆ ಕಾಯುವ ಹಾಗಿಲ್ಲ. ಹಣೆಗೆ, ಕಂಕುಳಿಗೆ ಇಡುವ ಥರ್ಮಾಮೀಟರ್ ಇಲ್ಲಿ ನಂಬಿಕೆಗೆ ಯೋಗ್ಯವಲ್ಲ, ನಿಜವಾದದ್ದಕ್ಕಿಂತ ಕಡಿಮೆ ತೋರಿಸಬಹುದು. ಜ್ವರದ ಮಾತ್ರೆಯೂ ಕೆಲಸಕ್ಕೆ ಬರುವುದಿಲ್ಲ.

ಮೋಡದ ದಿನ ಯಾಕೆ ಹೀಗಾಯಿತು? ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಆರಿದರೆ ಮಾತ್ರ ಆಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರುವುದೇ ಇಲ್ಲ. ಗಾಳಿಯ ತೇವ, ಬಿಸಿಲು, ಉಷ್ಣಾಂಶ ಮೂರನ್ನೂ ಸೇರಿಸಿ ಮೈಗೆ ತಟ್ಟುವ ಸೆಕೆಯನ್ನು ಹೇಳುವ ವೆಟ್ ಬಲ್ಬ್ ಗ್ಲೋಬ್ ಅನ್ನುವ ಅಳತೆ ಇದೆ. ಹೊರಾಂಗಣದಲ್ಲಿ ಅದರ 100 ಪಾಲಿನಲ್ಲಿ 70 ಪಾಲು ತೇವದ ಪರಿಣಾಮ ತೋರಿಸುವ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು, 20 ಪಾಲು ಬಿಸಿಲಿಗಿಟ್ಟ ಕಪ್ಪು ಗೋಳದ್ದು. ನಾವೆಲ್ಲ ನೋಡುವ ಮಾಮೂಲಿ ಉಷ್ಣಾಂಶಕ್ಕೆ ಉಳಿಯುವುದು ಬರೀ 10 ಪಾಲು. ಈಗ ಆ ಅಳತೆ ನೋಡದೆ ನಾನು ಆ ದಿನದ ಓಟ ಹೇಳುವುದಿಲ್ಲ.

ಸೆಕೆಗಾಲ ಶುರುವಾದಾಗ ಮೊದಲ ಎರಡು ವಾರ ಯಾರಿಗೂ ಪೂರ್ತಿ ಓಟವಿಲ್ಲ. ಮೈ ಶಾಖಕ್ಕೆ ಒಗ್ಗಲು 10ರಿಂದ 14 ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪೂ ಕಡಿಮೆ ಹೋಗುತ್ತದೆ. ಮೊದಲ ಕೆಲವು ದಿನಗಳೇ ಜಾಸ್ತಿ ಅಪಾಯ. ಜ್ವರ, ಭೇದಿ ಆದವರು, ರಾತ್ರಿ ನಿದ್ದೆ ಬಾರದವರು ಬೆಳಗ್ಗೆಯೇ ನನಗೆ ಹೇಳಬೇಕು. ಹೇಳಿದವರಿಗೆ ಬೈಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡೂ ಇದ್ದೇನೆ. ಓಟದ ಮುಂಚೆ ಮತ್ತು ಆಮೇಲೆ ತೂಕ ನೋಡುತ್ತೇವೆ. 100ಕ್ಕೆ 2 ಪಾಲಿಗಿಂತ ಜಾಸ್ತಿ ಇಳಿದರೆ ನೀರು ಸಾಲಲಿಲ್ಲ ಅಂತ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದಾರೆ, ಅದೂ ಅಪಾಯವೇ, ರಕ್ತದ ಸೋಡಿಯಂ ಇಳಿಯುತ್ತದೆ. ಆದರೆ ನೀರು ಕುಡಿದರೆ ಸಾಕು ಅಂತ ಧೈರ್ಯ ತಂದುಕೊಳ್ಳಬೇಡಿ. ಚೆನ್ನಾಗಿ ನೀರು ಕುಡಿದವರೂ ಮೈಮೀರಿ ಓಡಿದರೆ ಕುಸಿಯುತ್ತಾರೆ.

ಟ್ರ್ಯಾಕಿನ ಪಕ್ಕ ಒಬ್ಬರು ಕೂರುವಷ್ಟು ದೊಡ್ಡ ಟಬ್ ಇದೆ. ಓಟ ಶುರುವಾಗುವ ಮೊದಲೇ ನೀರು ತುಂಬಿ, ಐಸ್ ಪಕ್ಕದಲ್ಲಿಟ್ಟಿರುತ್ತೇವೆ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಕುಸಿದು 30 ನಿಮಿಷದೊಳಗೆ ಶಾಖ ಇಳಿದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಕುತ್ತಿಗೆವರೆಗೆ ಮುಳುಗಿಸಿ, ನೀರು ಕಲಕುತ್ತಿರಬೇಕು. ಕಂಕುಳಿಗೆ ಬಟ್ಟೆ ಹಾಕಿ ಹಿಂದಿನಿಂದ ಒಬ್ಬರು ಹಿಡಿದಿರಬೇಕು, ತಲೆ ಮುಳುಗಬಾರದು. ಆಂಬುಲೆನ್ಸಿಗೆ ಇನ್ನೊಬ್ಬರು ಫೋನ್ ಮಾಡುತ್ತಾರೆ.

ಸುತ್ತಿನ ಲೆಕ್ಕ ಕೇಳುವುದನ್ನು ಮಕ್ಕಳಿಗೂ ಕಲಿಸಿದ್ದೇನೆ. ಈ ಸಲ ಸೆಕೆಗಾಲದಲ್ಲಿ ಒಬ್ಬ ಹುಡುಗಿ ಜೊತೆಗಾರ್ತಿಯ ಕೈ ಹಿಡಿದು ಎಳೆದುಕೊಂಡು ಬಂದಳು. "ಸರ್, ಮೂರು ಸಲ ಕೇಳಿದೆ, ಮೂರು ಸಲವೂ ಬೇರೆ ಬೇರೆ ಹೇಳಿದಳು." ಆ ಜೊತೆಗಾರ್ತಿ ಮಾತ್ರ "ಇನ್ನೆರಡೇ ಸುತ್ತು ಸರ್" ಅಂತ ಬೇಡುತ್ತಿದ್ದಳು. ಅಷ್ಟರಲ್ಲಿ ಹುಡುಗರು ಟಬ್ಬಿಗೆ ಐಸ್ ಸುರಿಯಲು ಶುರು ಮಾಡಿದ್ದರು.