ಅಜ್ಜಿಗೆ ಬೇಳೆ, ಎಣ್ಣೆ ಕೊಟ್ಟರೆ ಅದು ಶಿಕ್ಷಣದ ಖರ್ಚಾ?

ಹೊಸಪೇಟೆಯ ಸುತ್ತಮುತ್ತ ನಾವು ಐದು ಜನ ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಅಲೆಮಾರಿ ಕುಟುಂಬಗಳ ಮಕ್ಕಳ ಓದಿಗೆ ನೆರವಾಗುವುದು ನಮ್ಮ ಕೆಲಸ. ಅವರಲ್ಲಿ ಜಾಸ್ತಿ ಮಕ್ಕಳು ಬುಡ್ಗ ಜಂಗಮರು, ಊರೂರು ತಿರುಗಿ ಹಾಡುತ್ತಾ ಬುರ್ರಕಥೆ ಹೇಳುತ್ತಿದ್ದ ಸಮುದಾಯದವರು. ದರೋಜಿಯ ಬುರ್ರಕಥೆ ಈರಮ್ಮನವರ ಹೆಸರು ಕೇಳಿರುತ್ತೀರಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು, 2014ರಲ್ಲಿ ತೀರಿಕೊಂಡರು. ಅವರದೂ ಇದೇ ಸಮುದಾಯ. ಈಗ ರಾತ್ರಿಯಿಡೀ ಕೂತು ಕಥೆ ಕೇಳುವವರು ಯಾರಿದ್ದಾರೆ? ನಮಗೆ ಗೊತ್ತಿರುವ ಕುಟುಂಬಗಳು ಪಿನ್ನು, ಬಾಚಣಿಗೆ, ಪ್ಲಾಸ್ಟಿಕ್ ಸಾಮಾನು ಹೊತ್ತು ಊರೂರು ತಿರುಗುತ್ತವೆ.

ಟ್ರಸ್ಟ್ ಮಾಡಬೇಕು ಅಂತ ವಿಚಾರಿಸಲು ಬರುವವರೆಲ್ಲ ಮೊದಲು ರಿಜಿಸ್ಟ್ರೇಷನ್ ಬಗ್ಗೆ ಕೇಳುತ್ತಾರೆ. ಅದೇನು ಕಷ್ಟವಲ್ಲ. ಸೊಸೈಟಿ ಮಾಡಬೇಕಾದರೆ 1960ರ ಕರ್ನಾಟಕ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು, ವರ್ಷಾವರ್ಷ ಸರ್ವಸದಸ್ಯರ ಸಭೆ ಕರೆಯಬೇಕು. ಟ್ರಸ್ಟ್‌ಗೆ ಅಷ್ಟು ಜನ ಬೇಡ. ಡೀಡ್ ಅಂದರೆ ಟ್ರಸ್ಟ್‌ನ ಉದ್ದೇಶ, ನಿಯಮಗಳ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪ್ಯಾನ್ ತೆಗೆದುಕೊಂಡು, ಬ್ಯಾಂಕ್ ಖಾತೆ ತೆರೆದರೆ ಮುಗಿಯಿತು. ಆಮೇಲೆ ಇನ್ಕಮ್ ಟ್ಯಾಕ್ಸ್‌ನಲ್ಲಿ 12ಎ, 80ಜಿ ಅಂತ ಕರೆಯುವ ನೋಂದಣಿ: ಮೊದಲನೆಯದು ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ, ಎರಡನೆಯದು ದಾನ ಕೊಟ್ಟವರಿಗೆ.

ಸುಲಭ ಅನ್ನುವುದೇ ಇದರ ತೊಂದರೆ ಕೂಡ. ಮಹಾರಾಷ್ಟ್ರದಲ್ಲಿ ಟ್ರಸ್ಟ್‌ಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ಅಂತ ಒಬ್ಬರಿದ್ದಾರೆ. ನಮ್ಮ ಕಡೆ ಹಾಗೆ ಯಾರೂ ಬಂದು ನಿಮ್ಮ ಸಭೆ ಹೇಗೆ ನಡೆಯಿತು, ಯಾರಿಗೆ ಯಾಕೆ ದುಡ್ಡು ಕೊಟ್ಟಿರಿ ಅಂತ ಕೇಳುವುದಿಲ್ಲ. ಟ್ಯಾಕ್ಸ್‌ನವರು ಲೆಕ್ಕ ನೋಡುತ್ತಾರೆ, ಅಷ್ಟೇ. ಹಾಗಾಗಿ ಎಷ್ಟೋ ಟ್ರಸ್ಟ್‌ಗಳಲ್ಲಿ ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಬಾಮೈದ ಖಜಾಂಚಿ. ಮನೆಯ ಊಟದ ಹೊತ್ತೇ ಸಭೆ.

ನಾವು ಡೀಡ್‌ನಲ್ಲೇ ಕೆಲವು ವಿಷಯ ಕಟ್ಟಿಹಾಕಿದೆವು. ಒಂದೇ ಮನೆಯ ಇಬ್ಬರು ಟ್ರಸ್ಟಿ ಆಗುವಂತಿಲ್ಲ. ಮೂರು ವರ್ಷಕ್ಕೆ ಒಬ್ಬರು ಇಳಿಯಬೇಕು. ಚೆಕ್‌ಗೆ ಎರಡು ಸಹಿ. ಟ್ರಸ್ಟಿಗಳ ಸಂಬಂಧಿಕರಿಗೆ ನೆರವು ಇಲ್ಲ. ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ, ಟ್ರಸ್ಟಿಗಳಿಗೋ ಅವರ ನೆಂಟರಿಗೋ ಲಾಭ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು ಷರತ್ತು: ಐವರಲ್ಲಿ ಇಬ್ಬರು ಅಲೆಮಾರಿ ಸಮುದಾಯದವರೇ ಆಗಿರಬೇಕು, ಅವರಲ್ಲಿ ಒಬ್ಬರಾದರೂ ಇಲ್ಲದೆ ಕೋರಂ ಆಗುವುದಿಲ್ಲ, ಅಂದರೆ ಸಭೆ ನಡೆಸುವಂತಿಲ್ಲ. ಡೀಡ್ ಬರೆಯುತ್ತಿದ್ದ ವಕೀಲರು, "ಇದೆಲ್ಲ ಯಾಕೆ ಸರ್, ಸುಮ್ನೆ ನಿಮ್ಮ ಕೈ ನೀವೇ ಕಟ್ಕೊಳ್ತಿದೀರಿ" ಅಂದರು. ಕಟ್ಟಿಕೊಳ್ಳುವುದಕ್ಕೇ ಬರೆಸಿದ್ದು.

ಇದರ ಪರಿಣಾಮ ಮೊದಲು ಕಂಡದ್ದು ಸಭೆಯ ದಿನಾಂಕದಲ್ಲಿ. ನಮ್ಮ ಕಡೆಯ ಈ ಕುಟುಂಬಗಳು ಮಳೆಗಾಲದಲ್ಲಿ ಊರಲ್ಲಿರುತ್ತವೆ, ಸುಗ್ಗಿ ಶುರುವಾದರೆ ಹೊರಡುತ್ತವೆ. ಮುಖ್ಯ ಸಭೆ ಮಾರ್ಚ್‌ನಲ್ಲಿ ಇಟ್ಟರೆ ನಾವು ಮೂವರೇ ಕೂತು ಟೀ ಕುಡಿಯಬೇಕು. ಜೂನ್‌ಗೆ ತಂದೆವು. ಶಾಲೆ ತೆರೆಯುವ ಹೊತ್ತೂ ಅದೇ.

ನೆರವು ಏನು ಕೊಡಬೇಕು ಅನ್ನುವುದೂ ಬದಲಾಯಿತು. ಪಟ್ಟಣದವರಾದ ನಮ್ಮ ತಲೆಯಲ್ಲಿದ್ದದ್ದು ನೋಟ್‌ಬುಕ್, ಬ್ಯಾಗು, ಫೀಸು. ಸಮುದಾಯದ ಆ ಇಬ್ಬರು ಟ್ರಸ್ಟಿಗಳು ಹೇಳಿದ್ದು ಕಾಗದಪತ್ರ. ಬುಡ್ಗ ಜಂಗಮರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ, 'ಬೇಡ ಜಂಗಮ, ಬುಡ್ಗ ಜಂಗಮ' ಎಂದು ಎರಡೂ ಹೆಸರು ಒಟ್ಟಿಗೇ ಇವೆ. ಆದರೆ ಆ ಹೆಸರಿನಲ್ಲಿ ಬೇರೆಯವರು ಪ್ರಮಾಣಪತ್ರ ಪಡೆಯುವ ವಿವಾದ ಹಳೆಯದು. ಅದರಿಂದ ನಿಜವಾದ ಹಕ್ಕುದಾರರು ಅರ್ಜಿ ಹಾಕಿದಾಗಲೂ ಅಧಿಕಾರಿಗಳು ಅನುಮಾನದಿಂದ ನೋಡುತ್ತಾರೆ. ಅಪ್ಪನ ಶಾಲಾ ದಾಖಲೆ ತನ್ನಿ ಅನ್ನುತ್ತಾರೆ. ಅಪ್ಪ ಶಾಲೆಯ ಮೆಟ್ಟಿಲೇ ಹತ್ತಿಲ್ಲ, ಎಲ್ಲಿಂದ ತರುವುದು? ನಮ್ಮ ಒಬ್ಬ ಟ್ರಸ್ಟಿ ತಮ್ಮ ಬಳಗದ ವಂಶವೃಕ್ಷವನ್ನು ಬಾಯಲ್ಲೇ ಹೇಳುತ್ತಾರೆ. ಯಾರ ದೊಡ್ಡಪ್ಪನ ಮಗ ಯಾವ ಊರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಅಂತ ನೆನಪಿಟ್ಟಿದ್ದಾರೆ. ಆ ಶಾಲೆಯ ದಾಖಲಾತಿ ಪುಸ್ತಕದಿಂದ ನಕಲು ತಂದು, ಸಂಬಂಧ ತೋರಿಸಿ, ನಾಡಕಚೇರಿಗೆ ಅರ್ಜಿ ಹಾಕುತ್ತೇವೆ. ಎಸ್‌ಸಿ ಪ್ರಮಾಣಪತ್ರ ಒಮ್ಮೆ ಸಿಕ್ಕರೆ ಜೀವನಪೂರ್ತಿ ನಡೆಯುತ್ತದೆ. ಆದಾಯದ್ದು ಐದು ವರ್ಷ.

ಈ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ನಂಬರ್ ಇಲ್ಲದಿದ್ದರೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅರ್ಜಿ ಮುಂದೆ ಹೋಗುವುದಿಲ್ಲ. ಇದ್ದರೂ, ಖಾತೆಗೆ ಆಧಾರ್ ಜೋಡಣೆ ಸರಿಯಿಲ್ಲದಿದ್ದರೆ ದುಡ್ಡು ಬರುವುದಿಲ್ಲ. ಇಲ್ಲವೇ ಯಾವತ್ತೋ ತೆರೆದು ಮರೆತ ಇನ್ನೊಂದು ಖಾತೆಗೆ ಹೋಗಿ ಕೂತಿರುತ್ತದೆ. ನಮ್ಮ ಖರ್ಚಿನ ದೊಡ್ಡ ಭಾಗ ಈಗ ಬಸ್ ಚಾರ್ಜು, ಜೆರಾಕ್ಸ್ ಮತ್ತು ಒಂದು ದಿನದ ದುಡಿಮೆ ಬಿಟ್ಟು ಕಚೇರಿಗೆ ಬರುವವರ ಕೂಲಿ. ಫೋಟೊ ತೆಗೆಸಿಕೊಳ್ಳುವ ಕೆಲಸವಲ್ಲ ಇದು.

ಫೋಟೊ ಅಂದಾಗ ದಾನಿಗಳ ವಿಷಯ. ಒಬ್ಬರು ಒಳ್ಳೆಯ ಮೊತ್ತವೇ ಕೊಡುತ್ತೇನೆಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಬ್ಯಾನರ್ ಕಟ್ಟಿ ವಿತರಣಾ ಸಮಾರಂಭ ಮಾಡಬೇಕಂತೆ. ಸಭೆಯಲ್ಲಿ ಇಟ್ಟೆವು. ನಾವು ಮೂವರಲ್ಲಿ ಇಬ್ಬರು, ಹೋಗಲಿ, ಒಂದು ಫೋಟೊ ತಾನೇ ಅಂದೆವು. ಸಮುದಾಯದ ಇಬ್ಬರೂ ಬೇಡ ಅಂದರು. "ನಾಳೆ ಅದೇ ಫೋಟೊ ನಮ್ಮ ಹುಡುಗಿ ಕಾಲೇಜಿನಲ್ಲಿ ಓಡಾಡುತ್ತೆ" ಅಂದರು ಒಬ್ಬರು. 3-2ರಲ್ಲಿ ಠರಾವಾಯಿತು, ಮಕ್ಕಳ ಫೋಟೊ ಇಲ್ಲ. ದಾನಿ ಹೋದರು.

ಹಣದ ವಿಷಯದಲ್ಲಿ ಇನ್ನೆರಡು ಮಾತು. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಹೇಗೂ ಇಲ್ಲ, ಹಾಗಾಗಿ ಬರೀ ಅದನ್ನೇ ತೋರಿಸಿ ದುಡ್ಡು ಕೇಳುವ ಕಾಲ ಹೋಯಿತು. ಹೊರದೇಶದಲ್ಲಿರುವ ನಮ್ಮವರು ಕಳಿಸುತ್ತೇನೆಂದರೆ ನಾನು ಮೊದಲು ಕೇಳುವುದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ದುಬೈನಲ್ಲಿರುವ ಭಾರತೀಯ ಪ್ರಜೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಮೆರಿಕದ ಪೌರತ್ವ ಪಡೆದವರಿಂದ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ, ಏನು ಮಾಡುವುದು.

ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಸುಗ್ಗಿಗೆ ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಡುತ್ತಾರೆ, ವರ್ಷದ ನಡುವೆ ಶಾಲೆ ತಪ್ಪುತ್ತದೆ. ಹಾಸ್ಟೆಲ್‌ಗೆ ಸಣ್ಣ ಮಕ್ಕಳನ್ನು ಕಳಿಸಲು ಮನಸ್ಸು ಬರುವುದಿಲ್ಲ. ನಮ್ಮ ಟ್ರಸ್ಟಿಯೊಬ್ಬರು, ಅವರೇ ಹೆಗಲ ಮೇಲೆ ಗಂಟು ಹೊತ್ತು ತಿರುಗಿದ ಹೆಂಗಸು, ಒಂದು ದಾರಿ ಹೇಳಿದರು: "ಅಜ್ಜಿ ಊರಲ್ಲೇ ಉಳಿಯಲಿ. ಅಕ್ಕಿ ಕಾರ್ಡಿನಲ್ಲಿ ಬರುತ್ತೆ. ಬೇಳೆ, ಎಣ್ಣೆ, ಗ್ಯಾಸು ನೀವು ನೋಡಿಕೊಳ್ಳಿ. ನಾಲ್ಕು ಮನೆ ಮಕ್ಕಳು ಒಬ್ಬ ಅಜ್ಜಿ ಹತ್ತಿರ ಇರ್ತಾವೆ."

ಆಡಿಟರ್ ಒಪ್ಪಲಿಲ್ಲ. ಡೀಡ್‌ನ ಉದ್ದೇಶದಲ್ಲಿ ಶಿಕ್ಷಣ ಅಂತಿದೆ, ವೋಚರ್‌ನಲ್ಲಿ ತೊಗರಿಬೇಳೆ ಅಂತಿದೆ, ಎರಡಕ್ಕೂ ಏನು ಸಂಬಂಧ ಅಂದರು. ಅವರು ಕೇಳಿದ್ದು ನ್ಯಾಯವೇ. ಆದರೆ ಡೀಡ್‌ನಲ್ಲಿ 'ಶಿಕ್ಷಣ ಹಾಗೂ ಶಾಲೆ ಮುಂದುವರಿಸಲು ಬೇಕಾದ ನೆರವು' ಅಂತ ಬರೆಸಿದ್ದೆವು. ಆ ಸಾಲು ಹಿಡಿದು ಠರಾವು ಬರೆದೆವು: ಯಾವ ಮಕ್ಕಳು, ಯಾವ ಶಾಲೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಸಾಮಾನು ಕೊಳ್ಳುವ ಅಂಗಡಿಯ ಬಿಲ್ಲು, ತಿಂಗಳಿಗೊಮ್ಮೆ ಹೆಡ್‌ಮಾಸ್ಟರ್ ಸಹಿ ಹಾಕಿದ ಹಾಜರಿ. ಅಜ್ಜಿಗೆ ಓದು ಬರಹ ಬಾರದು, ವೋಚರ್‌ಗೆ ಹೆಬ್ಬೆಟ್ಟು, ಪಕ್ಕದಲ್ಲಿ ಒಬ್ಬ ಸಾಕ್ಷಿ. ಆಡಿಟರ್ ಅದನ್ನು ಶಿಕ್ಷಣದ ಖರ್ಚಿನಲ್ಲೇ ಸೇರಿಸಿದರು. ಬರುವ ಜೂನ್ ಸಭೆಗೆ ಎರಡನೇ ಅಜ್ಜಿಯ ಅರ್ಜಿ ಬಂದಿದೆ. ಆಕೆ ಒಬ್ಬ ಟ್ರಸ್ಟಿಯ ಸೋದರತ್ತೆ, ಹಾಗಾಗಿ ನಮ್ಮದೇ ನಿಯಮ ಅಡ್ಡ ಬರುತ್ತದೆ. ಆ ಮನೆಯ ಮಕ್ಕಳನ್ನು ಮೊದಲನೇ ಅಜ್ಜಿಯ ಹತ್ತಿರವೇ ಬಿಡಲು ಆಗುತ್ತದಾ ಅಂತ ಕೇಳಿ ನೋಡುತ್ತಿದ್ದೇವೆ.